ಬಿಸಿಲು, ನೀರು, ಕಲ್ಲಿದ್ದಲು: ನಮ್ಮ ಇಂಧನ ಭದ್ರತೆಯ ಲೆಕ್ಕ

ಶ್ರವಣಬೆಳಗೊಳದ ಸುತ್ತಲಿನ ಊರುಗಳಲ್ಲಿ ಒಂದು ದಿನಕ್ಕೆ ಬೇಕಾಗುವ ಇಂಧನ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತ ಹೋದರೆ ನಾಲ್ಕು ದಿಕ್ಕಿಗೂ ತಿರುಗಬೇಕಾಗುತ್ತದೆ. ತೆಂಗಿನ ತೋಟಕ್ಕೆ ನೀರೆತ್ತುವ ಮೋಟರಿನ ಕರೆಂಟಿನಲ್ಲಿ ರಾಯಚೂರಿನಲ್ಲಿ ಸುಟ್ಟ ಕಲ್ಲಿದ್ದಲು, ಶರಾವತಿಯ ನೀರು, ಕೈಗಾದ ಅಣುಶಕ್ತಿ, ಪಾವಗಡದ ಬಿಸಿಲು ಎಲ್ಲವೂ ಬೆರೆತಿರುತ್ತವೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗದಲ್ಲಿ 2003ರಿಂದ ಪೆಟ್ರೋಲ್, ಡೀಸೆಲ್ ಹರಿಯುತ್ತಿವೆ. ಅವುಗಳ ಕಚ್ಚಾತೈಲ ಬಹುಪಾಲು ಹೊರದೇಶದ್ದು. ಅಡುಗೆಮನೆಯ ಸಿಲಿಂಡರಿನ ಅನಿಲವೂ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುವಂಥದ್ದೇ. ಬಚ್ಚಲುಮನೆಯ ಹಂಡೆಯ ಕೆಳಗೆ ಉರಿಯುವ ತೆಂಗಿನ ಮಟ್ಟೆ, ಗರಿ, ಕರಟ ಮಾತ್ರ ಅದೇ ತೋಟದವು.

ಶಾಲೆಯ ಪಠ್ಯದಲ್ಲಿ ಇಂಧನ ಮೂಲಗಳಿಗೆ ಎರಡು ಪಟ್ಟಿಗಳಿವೆ: ಬಿಸಿಲು, ಗಾಳಿ, ನೀರು, ಜೈವಿಕ ಇಂಧನಗಳು ನವೀಕರಿಸಬಹುದಾದವು, ಕಲ್ಲಿದ್ದಲು, ತೈಲ, ಅನಿಲ, ಯುರೇನಿಯಂ ನವೀಕರಿಸಲಾಗದವು. ಇಂಧನ ಭದ್ರತೆ ಎಂದರೆ ಎರಡನೆಯ ಪಟ್ಟಿಯಿಂದ ಮೊದಲನೆಯದಕ್ಕೆ ದಾಟಿಕೊಳ್ಳುವುದು ಎಂಬ ನಂಬಿಕೆ ಈಗ ಬಲವಾಗಿದೆ. ಈ ನಂಬಿಕೆಯಲ್ಲಿ ದೊಡ್ಡ ಸತ್ಯವಿದೆ, ಆದರೆ ಅದು ಪೂರ್ಣ ಸತ್ಯವಲ್ಲ. ಒಂದು ಇಂಧನ ಎಂದೋ ಒಂದು ದಿನ ಮುಗಿದುಹೋಗುತ್ತದೆಯೇ ಎಂಬುದಷ್ಟೇ ಮುಖ್ಯವಲ್ಲ. ಬೇಕಾದ ಹೊತ್ತಿಗೆ ಅದು ಸಿಗುತ್ತದೆಯೇ, ಸಿಗದಿದ್ದಾಗ ಕೂಡಿಟ್ಟದ್ದು ಏನಾದರೂ ಇದೆಯೇ, ಅದರ ಭಾರ ಯಾರ ನೆಲದ ಮೇಲೆ, ಯಾರ ಜೀವನದ ಮೇಲೆ ಬೀಳುತ್ತದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯ. ಕರ್ನಾಟಕದ ಒಂದೂಕಾಲು ಶತಮಾನದ ವಿದ್ಯುತ್ ಚರಿತ್ರೆ ಕಲಿಸುವುದು ಇದನ್ನೇ.

ಎರಡು ಪಟ್ಟಿಗಳ ನಡುವಿನ ತೊಡಕು

ಮೊದಲು ಪಟ್ಟಿಗಳನ್ನೇ ಪರೀಕ್ಷಿಸೋಣ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಮುಖ್ಯ ವಾಣಿಜ್ಯ ಬೆಳೆ. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಕೊಯ್ದ ಹಸಿ ಸೊಪ್ಪನ್ನು ಬ್ಯಾರನ್‌ನಲ್ಲಿ ಸಾಲಾಗಿ ಕಟ್ಟಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ಬಿಸಿಗಾಳಿಯನ್ನು ಕೊಳವೆಯ ಮೂಲಕ ಒಳಗೆ ಹಾಯಿಸಿ ಹಗಲು ರಾತ್ರಿ ಎನ್ನದೆ ಹಲವು ದಿನ ಬೇಯಿಸಬೇಕು. ಒಂದು ಕಿಲೋ ಹದವಾದ ಹೊಗೆಸೊಪ್ಪಿಗೆ ಹಲವು ಕಿಲೋ ಸೌದೆ ಬೇಕು. ಪುಸ್ತಕದ ಪ್ರಕಾರ ಸೌದೆ ನವೀಕರಿಸಬಹುದಾದ ಇಂಧನ: ಮರ ಕಡಿದರೆ ಮರ ಬೆಳೆಯುತ್ತದೆ. ಆದರೆ ಮರ ಬೆಳೆಯುವ ವೇಗಕ್ಕಿಂತ ಒಲೆ ಉರಿಯುವ ವೇಗ ಹೆಚ್ಚಾದರೆ ಅದೇ ಸೌದೆ ಕಲ್ಲಿದ್ದಲಿನಂತೆಯೇ ಮುಗಿಯುವ ವಸ್ತುವಾಗುತ್ತದೆ. ನವೀಕರಣ ಎಂಬುದು ವಸ್ತುವಿನ ಹುಟ್ಟುಗುಣವಲ್ಲ. ಅದು ಹುಟ್ಟುವ ವೇಗಕ್ಕೂ ಬಳಸುವ ವೇಗಕ್ಕೂ ಇರುವ ಸಂಬಂಧ.

ಚನ್ನರಾಯಪಟ್ಟಣದ ಬಯಲಿನ ಕೊಳವೆಬಾವಿಗಳದ್ದೂ ಇದೇ ಕಥೆ. ಮೋಟರಿಗೆ ಸೌರ ವಿದ್ಯುತ್ ಕೊಟ್ಟರೂ, ಅದು ಎತ್ತುವ ಅಂತರ್ಜಲ ಮಳೆಗಾಲದಲ್ಲಿ ತುಂಬಿಕೊಳ್ಳುವುದಕ್ಕಿಂತ ಬೇಗ ಬರಿದಾದರೆ ಒಟ್ಟು ವ್ಯವಸ್ಥೆ ನವೀಕರಣಗೊಳ್ಳುವಂಥದ್ದಲ್ಲ. ಇಲ್ಲಿ ನೀರು, ಕರೆಂಟು ಎರಡೂ ಒಂದೇ ಲೆಕ್ಕದ ಎರಡು ಬದಿಗಳು. ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಎತ್ತಲು, ಮೋಟರು, ಪೈಪುಗಳ ನಷ್ಟ ಬಿಟ್ಟು, ಕನಿಷ್ಠ 0.27 ಯೂನಿಟ್ ವಿದ್ಯುತ್ ಬೇಕು. ನೀರು 300 ಮೀಟರಿಗೆ ಇಳಿದರೆ ಅಷ್ಟೇ ನೀರಿಗೆ ಮೂರು ಪಟ್ಟು ಬೇಕು. ಬೆಳೆ ಹೆಚ್ಚದೆ, ಎಕರೆ ಹೆಚ್ಚದೆ, ವಿದ್ಯುತ್ ಬೇಡಿಕೆ ಮಾತ್ರ ಮೂರು ಪಟ್ಟಾಗುತ್ತದೆ. ಇಂಧನ ಭದ್ರತೆಯ ಚರ್ಚೆಯನ್ನು ವಿದ್ಯುತ್ ಸ್ಥಾವರದಿಂದ ಶುರು ಮಾಡುವವರು ಈ ಬೇಡಿಕೆ ಎಲ್ಲಿ ಹುಟ್ಟಿತು ಎಂದು ಕೇಳುವುದನ್ನೇ ಮರೆಯುತ್ತಾರೆ.

ಶಿವನಸಮುದ್ರದಿಂದ ಪಾವಗಡಕ್ಕೆ

ಕರ್ನಾಟಕದ ವಿದ್ಯುತ್ ಚರಿತ್ರೆ ಶುರುವಾಗುವುದು ನವೀಕರಿಸಬಹುದಾದ ಮೂಲದಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರ ಜಲವಿದ್ಯುತ್ ಯೋಜನೆ 1902ರ ಜೂನ್‌ನಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿತು. ಸುಮಾರು 147 ಕಿ.ಮೀ. ದೂರದ ಆ ತಂತಿ ಮಾರ್ಗ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಮೊದಲು ಗಣಿ, ಆಮೇಲೆ ನಗರ, ಹಳ್ಳಿಗೆ ಬಹುಕಾಲದ ನಂತರ. ಈ ಅನುಕ್ರಮ ಮುಂದೆಯೂ ಅಳಿಯಲಿಲ್ಲ. ಬೇಸಿಗೆಯಲ್ಲಿ ಕಾವೇರಿಯ ಹರಿವು ಇಳಿದಾಗ ಗಣಿಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಕಷ್ಟವಾಯಿತು. ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕು ಎಂಬ ವಾದಕ್ಕೆ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು ಪ್ರಬಲ ಕಾರಣವಾಗಿತ್ತು. ಅಂದರೆ ಮೂಲ ನವೀಕರಣಗೊಳ್ಳುವಂಥದ್ದಾದರೂ ಕೂಡಿಡುವ ವ್ಯವಸ್ಥೆಯಿಲ್ಲದೆ ಭದ್ರತೆಯಿಲ್ಲ ಎಂಬ ಪಾಠವನ್ನು ಮೈಸೂರು ಸಂಸ್ಥಾನ ಮೊದಲ ಹತ್ತು ವರ್ಷಗಳಲ್ಲೇ ಕಲಿತಿತ್ತು.

ಮುಂದಿನ ಅಧ್ಯಾಯ ಶರಾವತಿಯದು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು, 1965ರಿಂದ ಹಂತಹಂತವಾಗಿ 1,035 ಮೆಗಾವ್ಯಾಟ್‌ಗಳ ಶರಾವತಿ ಕೇಂದ್ರ, ಆಮೇಲೆ ಕಾಳಿ, ವಾರಾಹಿ ನದಿಗಳ ಯೋಜನೆಗಳು. 1985ರವರೆಗೆ ಕರ್ನಾಟಕದ ವಿದ್ಯುತ್ ಹೆಚ್ಚೂಕಡಿಮೆ ಪೂರ್ತಿಯಾಗಿ ನೀರಿನದೇ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆಗ ನಮ್ಮದು ಶೇ 100ಕ್ಕೆ ಹತ್ತಿರದ ನವೀಕರಿಸಬಹುದಾದ ರಾಜ್ಯ. ಆದರೂ ಮುಂಗಾರು ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ತಪ್ಪುತ್ತಿರಲಿಲ್ಲ. ಒಂದೇ ಮೂಲವನ್ನು ನೆಚ್ಚುವುದು, ಆ ಮೂಲ ಎಷ್ಟೇ ಶುದ್ಧವಾಗಿರಲಿ, ಅಪಾಯ ಎಂಬುದು ಎರಡನೆಯ ಪಾಠ. ಆ ಪಾಠದ ಫಲವಾಗಿಯೇ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯಿತು. ಮುಂದೆ ಅದು 1,720 ಮೆಗಾವ್ಯಾಟ್‌ಗೆ ಬೆಳೆಯಿತು. ಬಳ್ಳಾರಿ, ಯರಮರಸ್, ಉಡುಪಿ, ಕೂಡಗಿ ಸೇರಿಕೊಂಡವು. 2000ದಿಂದ 2011ರೊಳಗೆ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ಗಳ ನಾಲ್ಕು ಅಣು ಘಟಕಗಳು ಬಂದವು.

ಮೂರನೆಯ ತಿರುವು ಗಾಳಿ, ಬಿಸಿಲಿನದು. ಚಿತ್ರದುರ್ಗ, ಗದಗ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದವು. 2014ರ ಸೌರ ನೀತಿಯ ನಂತರ ಬೆಳವಣಿಗೆಯ ವೇಗ ಹೆಚ್ಚಿತು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ಗಳ ಸೌರ ಪಾರ್ಕ್ ತಲೆಯೆತ್ತಿತು. 2018ರ ಹೊತ್ತಿಗೆ ತಮಿಳುನಾಡನ್ನು ಹಿಂದಿಕ್ಕಿ ನವೀಕರಿಸಬಹುದಾದ ಇಂಧನದ ಸ್ಥಾಪಿತ ಸಾಮರ್ಥ್ಯದಲ್ಲಿ ಕರ್ನಾಟಕ ದೇಶಕ್ಕೇ ಮೊದಲ ಸ್ಥಾನಕ್ಕೆ ಬಂದಿತು. ಹೀಗಿದ್ದೂ 2023ರ ಬರದಲ್ಲಿ ಅಕ್ಟೋಬರ್ ತಿಂಗಳು ರಾಜ್ಯ ತತ್ತರಿಸಿತು. ಮಳೆಯಿಲ್ಲದೆ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡತೊಡಗಿದವು, ಜಲಾಶಯಗಳು ತುಂಬಿರಲಿಲ್ಲ, ಶಾಖೋತ್ಪನ್ನ ಘಟಕಗಳು ಪೂರ್ಣ ಶಕ್ತಿಗೆ ಬಂದಿರಲಿಲ್ಲ. ರೈತರಿಗೆ ದಿನಕ್ಕೆ ಏಳು ಗಂಟೆಯ ತ್ರೀ ಫೇಸ್ ವಿದ್ಯುತ್ ಐದಕ್ಕೆ ಇಳಿದು, ಪ್ರತಿಭಟನೆಗಳ ನಂತರ ಮತ್ತೆ ಏಳಕ್ಕೆ ಏರಿತು. ಖಾಸಗಿ ಉತ್ಪಾದಕರು ರಾಜ್ಯದೊಳಗೇ ವಿದ್ಯುತ್ ಮಾರಬೇಕೆಂದು 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 11ರ ಅಡಿ ಆದೇಶ ಹೊರಟಿತು. ಉತ್ತರ ಪ್ರದೇಶ, ಪಂಜಾಬ್‌ಗಳ ಜೊತೆ ವಿದ್ಯುತ್ ವಿನಿಮಯವಾಯಿತು: ಈಗ ಕೊಡಿ, ನಿಮಗೆ ಬೇಕಾದ ಮಳೆಗಾಲದಲ್ಲಿ ಹಿಂತಿರುಗಿಸುತ್ತೇವೆ ಎಂಬ ಒಪ್ಪಂದ. ಈ ಬಿಕ್ಕಟ್ಟನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬಲ್ಲಿಂದಲೇ ಇಂದಿನ ವಿಚಾರ ಪಂಥಗಳು ಬೇರೆಬೇರೆ ದಾರಿ ಹಿಡಿಯುತ್ತವೆ.

ಮೊದಲ ಪಂಥ: ಕೇಳಿದಾಗ ಸಿಗುವ ವಿದ್ಯುತ್ತೇ ಭದ್ರತೆ

ವಿದ್ಯುತ್ ಎಂಜಿನಿಯರುಗಳಲ್ಲಿ ಅನೇಕರು, ದೊಡ್ಡ ಕೈಗಾರಿಕೆಗಳು ಈ ಪಂಥದವರು. ಅವರ ವಾದದ ತಳಹದಿ ಗಟ್ಟಿಯಾದದ್ದು. ಸ್ಥಾಪಿತ ಸಾಮರ್ಥ್ಯ ಬೇರೆ, ಸಿಗುವ ವಿದ್ಯುತ್ ಬೇರೆ. ಪಾವಗಡದ 2,050 ಮೆಗಾವ್ಯಾಟ್ ಕಾಗದದ ಮೇಲೆ ರಾಯಚೂರಿನ 1,720ಕ್ಕಿಂತ ದೊಡ್ಡದು. ಆದರೆ ರಾತ್ರಿ, ಮೋಡ, ಮುಂಜಾವು, ಮುಸ್ಸಂಜೆಗಳನ್ನು ಕಳೆದರೆ ಸೌರ ಸ್ಥಾವರದ ಸರಾಸರಿ ಉತ್ಪಾದನೆ ಅದರ ಸಾಮರ್ಥ್ಯದ ಕಾಲುಭಾಗದ ಆಸುಪಾಸಿನಲ್ಲಷ್ಟೇ ನಿಲ್ಲುತ್ತದೆ. ಕಲ್ಲಿದ್ದಲು ಘಟಕ ಸುಸ್ಥಿತಿಯಲ್ಲಿದ್ದರೆ ಅದರ ಎರಡು, ಮೂರು ಪಟ್ಟು ಹೊತ್ತು ಓಡಬಲ್ಲದು. ಅಣು ಘಟಕ ಇನ್ನೂ ಸ್ಥಿರ: ಕೈಗಾದ ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿ ಜಾಗತಿಕ ದಾಖಲೆ ಬರೆಯಿತು. ಆಸ್ಪತ್ರೆ, ಕಾರ್ಖಾನೆ, ರೈಲುಗಳು ಮೋಡ ಕರಗುವವರೆಗೆ ಕಾಯಲಾರವು ಎಂಬುದು ಈ ಪಂಥದ ಮಾತು. 1985ಕ್ಕೆ ಮುಂಚಿನ ವಿದ್ಯುತ್ ಕ್ಷಾಮಗಳನ್ನೂ 2023ರ ಅಕ್ಟೋಬರನ್ನೂ ಅದು ಚೆನ್ನಾಗಿ ವಿವರಿಸುತ್ತದೆ.

ವಿವರಿಸಲಾಗದ್ದೂ ಇದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ರಾಯಚೂರು, ಬಳ್ಳಾರಿಯ ಒಲೆಗಳು ಉರಿಯುವುದು ತೆಲಂಗಾಣ, ಒಡಿಶಾ, ಮಹಾರಾಷ್ಟ್ರಗಳಿಂದ ಬರುವ ರೈಲು ರೇಕುಗಳ ಕಲ್ಲಿದ್ದಲಿನಿಂದ. ಉಡುಪಿಯದು ಆಮದು ಕಲ್ಲಿದ್ದಲು. 2021ರ ಅಕ್ಟೋಬರಿನಲ್ಲಿ ದೇಶದಾದ್ಯಂತ ಕಲ್ಲಿದ್ದಲು ದಾಸ್ತಾನು ಕುಸಿದಾಗ ರೇಕುಗಳಿಗಾಗಿ ರಾಜ್ಯಗಳು ದೆಹಲಿಯ ಮುಂದೆ ಸಾಲು ನಿಲ್ಲಬೇಕಾಯಿತು. ತೈಲದ ಮಟ್ಟಿಗೆ ಈ ಅವಲಂಬನೆ ಇನ್ನೂ ಆಳ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಬಂಡೆಯೊಳಗಿನ ಸುರಂಗ ಕಣಜಗಳನ್ನು ಕೊರೆಯಲಾಗಿದೆ. ವಿಶಾಖಪಟ್ಟಣದ್ದೂ ಸೇರಿ ಎಲ್ಲವೂ ತುಂಬಿದ್ದರೂ ಅವು ದೇಶಕ್ಕೆ ಸಾಲುವುದು ಹತ್ತು ದಿನಕ್ಕೂ ಕಡಿಮೆ. ಕೇಳಿದಾಗ ಸಿಗುವುದು ಭದ್ರತೆ ಎಂದಾದರೆ, ಕೊಡುವ ಕೈ ಬೇರೆಯವರದಾಗಿರುವಾಗ ಆ ಭದ್ರತೆ ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಈ ಪಂಥ ಪೂರ್ಣ ಉತ್ತರ ಕೊಟ್ಟಿಲ್ಲ.

ಎರಡನೆಯ ಪಂಥ: ಬಿಸಿಲಿಗೆ ಬಿಲ್ ಇಲ್ಲ

ಬಿಸಿಲು, ಗಾಳಿಯನ್ನೇ ನೆಚ್ಚಬೇಕೆನ್ನುವ ಎರಡನೆಯ ಪಂಥಕ್ಕೆ ಹವಾಮಾನದ ಕಾಳಜಿಯೂ ಬೆಲೆಯ ಲೆಕ್ಕವೂ ಎರಡೂ ಬೆಂಬಲವಾಗಿವೆ. ಪಾವಗಡದ ಹರಾಜುಗಳಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್‌ಗೆ 3 ರೂಪಾಯಿಗಿಂತ ಕೆಳಕ್ಕೆ ಇಳಿದದ್ದನ್ನು ಕಂಡ ಮೇಲೆ ಇದು ದುಬಾರಿ ಹವ್ಯಾಸ ಎಂಬ ಮಾತು ನಿಲ್ಲಲಿಲ್ಲ. 2070ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವ, 2030ರೊಳಗೆ ಪಳೆಯುಳಿಕೆಯೇತರ ಸಾಮರ್ಥ್ಯವನ್ನು 500 ಗಿಗಾವ್ಯಾಟ್‌ಗೆ ಏರಿಸುವ ಗುರಿಯನ್ನು ಭಾರತ ಇಟ್ಟುಕೊಂಡಿದೆ. ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು 2025ರಲ್ಲೇ ಕಲ್ಲಿದ್ದಲು, ಅನಿಲಗಳ ಹೊರಗಿನದಾಯಿತು. ಕರ್ನಾಟಕದ ಪ್ರಕೃತಿಯೂ ಈ ಪಂಥಕ್ಕೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಾಗ ಬಯಲುಸೀಮೆಯ ಗಾಳಿ ಬಲವಾಗಿ ಬೀಸುತ್ತದೆ, ಮಲೆನಾಡಿನ ಜಲಾಶಯಗಳು ತುಂಬುತ್ತವೆ. ಗಾಳಿ ಇಳಿದ ಬೇಸಿಗೆಯಲ್ಲಿ ಬಿಸಿಲು ಉರಿಯುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಇಂಥ ಹೊಂದಾಣಿಕೆ ಎಲ್ಲ ರಾಜ್ಯಗಳಿಗೂ ಒದಗಿಲ್ಲ.

ಈ ಪಂಥದ ಮುಂದಿಡುವ ದೊಡ್ಡ ಆಕ್ಷೇಪ, ಕಲ್ಲಿದ್ದಲಿನ ಅವಲಂಬನೆ ಬಿಟ್ಟು ಚೀನಾದ ಅವಲಂಬನೆ ತಂದುಕೊಳ್ಳುತ್ತೇವೆ ಎಂಬುದು. ಸೌರ ಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80ಕ್ಕೂ ಹೆಚ್ಚು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿದೆ. ಆಕ್ಷೇಪ ನಿಜ, ಆದರೆ ಇಂಧನದ ಆಮದಿಗೂ ಸಲಕರಣೆಯ ಆಮದಿಗೂ ವ್ಯತ್ಯಾಸವಿದೆ. ಕಲ್ಲಿದ್ದಲಿನ ರೇಕು ನಿಂತರೆ ಕೆಲವೇ ವಾರಗಳಲ್ಲಿ ಘಟಕ ನಿಲ್ಲುತ್ತದೆ. ಫಲಕದ ಆಮದು ನಿಂತರೆ ಹೊಸ ಸ್ಥಾವರ ತಡವಾಗುತ್ತದೆ. ಈಗಾಗಲೇ ನೆಲದ ಮೇಲಿರುವ ಫಲಕ ಇಪ್ಪತ್ತು, ಇಪ್ಪತ್ತೈದು ವರ್ಷ ಕೆಲಸ ಮಾಡುತ್ತಲೇ ಇರುತ್ತದೆ. ಮೊದಲನೆಯದು ದಿನನಿತ್ಯದ ಹಂಗು, ಎರಡನೆಯದು ಬೆಳವಣಿಗೆಯ ಹಂಗು. ಎರಡೂ ಹಂಗೇ ಆದರೂ ಎರಡನೆಯದರಲ್ಲಿ ಸಾವರಿಸಿಕೊಳ್ಳಲು ಕಾಲಾವಕಾಶವಿದೆ. ಈ ಪಂಥ ನಿಜಕ್ಕೂ ಸೋಲುವುದು ಹೊತ್ತಿನ ಪ್ರಶ್ನೆಯಲ್ಲಿ: ಸಂಜೆ ಏಳಕ್ಕೆ ದೀಪ, ಮಿಕ್ಸಿ, ಟಿ.ವಿ. ಒಟ್ಟಿಗೆ ಚಾಲೂ ಆಗುವಾಗ ಪಾವಗಡದಲ್ಲಿ ಕತ್ತಲೆ.

ಮೂರನೆಯ ಪಂಥ: ಎಷ್ಟು ಬೇಕು ಎಂದು ಮೊದಲು ಕೇಳಿ

ಕರ್ನಾಟಕವೇ ಜಗತ್ತಿಗೆ ಕೊಟ್ಟ ವಿಚಾರ ಪಂಥ ಇದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿ, ವಿದ್ಯುತ್ ಯೋಜನೆಗಳು ತಪ್ಪು ಪ್ರಶ್ನೆಯಿಂದ ಶುರುವಾಗುತ್ತಿವೆ ಎಂದು ವಾದಿಸಿದರು. ಇಂಧನ ಯಾರಿಗೂ ತನ್ನಷ್ಟಕ್ಕೆ ಬೇಕಿಲ್ಲ. ಬೇಕಾಗಿರುವುದು ಬೆಳಕು, ನೀರು, ಬೆಂದ ಅನ್ನ, ಓಡುವ ಯಂತ್ರ. ಆ ಸೇವೆಯನ್ನು ಎಷ್ಟು ಕಡಿಮೆ ಇಂಧನದಲ್ಲಿ, ಎಷ್ಟು ಹೆಚ್ಚು ಜನರಿಗೆ ಕೊಡಬಹುದು ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. 1980ರ ದಶಕದ ಕೊನೆಯಲ್ಲಿ ರಾಜ್ಯದ ಸಮಿತಿಯೊಂದು 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತನ್ನು ಅಂದಾಜು ಮಾಡಿ ಭಾರೀ ಸ್ಥಾವರಗಳ ಪಟ್ಟಿ ಕೊಟ್ಟಾಗ, ರೆಡ್ಡಿಯವರ ತಂಡ ಪರ್ಯಾಯ ಲೆಕ್ಕವೊಂದನ್ನು ಮುಂದಿಟ್ಟಿತು. ಎಲ್ಲ ಮನೆಗಳಿಗೆ ವಿದ್ಯುತ್ ಕೊಟ್ಟರೂ, ದಕ್ಷ ಪಂಪು, ದಕ್ಷ ದೀಪ, ನೀರು ಕಾಯಿಸಲು ಬಿಸಿಲು, ವಿಕೇಂದ್ರಿತ ಮೂಲಗಳನ್ನು ಬಳಸಿದರೆ ಆ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ ಸಾಕು ಎಂದು ಅದು ತೋರಿಸಿತು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಾಗಿರಲಿಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರವರ ದನಗಳ ಸಗಣಿಯಿಂದ ಅನಿಲ, ಆ ಅನಿಲದಿಂದ ಎಂಜಿನ್, ಎಂಜಿನ್‌ನಿಂದ ಮನೆಮನೆಗೆ ದೀಪ, ನಲ್ಲಿ ನೀರು ಕೊಡುವ ಸಮುದಾಯ ವ್ಯವಸ್ಥೆ ನಡೆಯಿತು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ಮರಳುತ್ತಿತ್ತು. ಹಾಸನದ ಬಳಿಯ ಮಡೇನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ ಜೈವಿಕ ಇಂಧನ ಉದ್ಯಾನವೂ ಇದೇ ಮನೋಧರ್ಮದ್ದು. ಬೆಳೆ ಬೆಳೆಯುವ ನೆಲವನ್ನು ಮುಟ್ಟದೆ ಬದುಗಳ ಮೇಲೆ, ರಸ್ತೆಬದಿಯಲ್ಲಿ, ಕರಾಬು ಜಾಗದಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೆಳೆಸುವುದು, ಬೀಜವನ್ನು ಊರವರು ಆರಿಸುವುದು, ಎಣ್ಣೆ ಡೀಸೆಲ್ಲಿಗೆ, ಹಿಂಡಿ ಹೊಲಕ್ಕೆ. ಹೊಂಗೆ ನಮ್ಮ ರೈತನಿಗೆ ಹೊಸದಲ್ಲ. ಹಸಿರೆಲೆ ಗೊಬ್ಬರಕ್ಕೂ ದೀಪದ ಎಣ್ಣೆಗೂ ಹಿಂದಿನಿಂದ ಇದ್ದದ್ದೇ. ಆದರೆ ಚದುರಿದ ಮರಗಳ ಬೀಜ ಆರಿಸುವ ಕೂಲಿಗೂ ಮಾರುಕಟ್ಟೆಯ ಡೀಸೆಲ್ ದರಕ್ಕೂ ಹೊಂದಿಕೆಯಾಗದೆ ಜೈವಿಕ ಡೀಸೆಲ್ ನಿರೀಕ್ಷೆಯಷ್ಟು ಬೆಳೆಯಲಿಲ್ಲ. ದೇಶ ಬದಲಿಗೆ ಹಿಡಿದ ದಾರಿ ಎಥನಾಲ್: 2025ರಲ್ಲಿ ಪೆಟ್ರೋಲಿಗೆ ಶೇ 20ರಷ್ಟು ಬೆರಕೆ ಸಾಧ್ಯವಾಯಿತು. ಆ ಎಥನಾಲ್ ಬರುವುದು ಬದುವಿನ ಮರದಿಂದಲ್ಲ, ನೀರು ಕುಡಿಯುವ ಕಬ್ಬಿನಿಂದ, ಹಾಸನದ ಹೊಲಗಳಲ್ಲಿ ಆಲೂಗೆಡ್ಡೆಯ ಜಾಗ ಹಿಡಿದಿರುವ ಮುಸುಕಿನ ಜೋಳದಂಥ ಧಾನ್ಯದಿಂದ. ಊಟ ಮೊದಲೋ ಇಂಧನ ಮೊದಲೋ ಎಂಬ ಪ್ರಶ್ನೆ ಹಾಗಾಗಿ ನಮ್ಮ ಹೊಲದೊಳಕ್ಕೇ ಬಂದಿದೆ.

ಮೂರನೆಯ ಪಂಥದ ಮೇಲಿನ ಟೀಕೆ, ಬೆಳೆಯುವ ರಾಜ್ಯದ ಹಸಿವನ್ನು ಅದು ಕಡಿಮೆ ಅಂದಾಜು ಮಾಡುತ್ತದೆ ಎಂಬುದು. 2024ರ ಮಾರ್ಚಿನಲ್ಲಿ ಕರ್ನಾಟಕದ ಗರಿಷ್ಠ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿತು. ಇಷ್ಟನ್ನು ಸಗಣಿ ಅನಿಲ, ಹೊಂಗೆ ಎಣ್ಣೆಯಿಂದ ಪೂರೈಸಲಾಗದು ಎಂಬುದು ಸರಿ. ಆದರೆ ಪಂಥದ ತಿರುಳು ಸಣ್ಣ ಸ್ಥಾವರವಲ್ಲ, ಸರಿಯಾದ ಪ್ರಶ್ನೆ. ಆ ಬೇಡಿಕೆಯಲ್ಲಿ ಎಷ್ಟು ಪಾಲು ಇಳಿದ ಅಂತರ್ಜಲದಿಂದ, ಸುಟ್ಟು ಮರುಸುತ್ತಿದ ಹಳೆಯ ಮೋಟರುಗಳಿಂದ, ಉದ್ದನೆಯ ತಂತಿಗಳ ಸೋರಿಕೆಯಿಂದ ಹುಟ್ಟಿದ್ದು ಎಂದು ಕೇಳಿದರೆ ಟೀಕಾಕಾರರಲ್ಲೂ ಸಮರ್ಪಕ ಉತ್ತರವಿಲ್ಲ.

ನಾಲ್ಕನೆಯ ಪಂಥ: ಯಾರ ನೆಲ, ಯಾರ ದೀಪ

ಈ ಪಂಥ ಹುಟ್ಟಿದ್ದು ಮುಳುಗಿದ ಊರುಗಳಿಂದ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕರು ಆರು ದಶಕಗಳ ನಂತರವೂ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಾಡಿಗೆ ಬೆಳಕು ಕೊಟ್ಟವರು ಕಚೇರಿಯ ಬಾಗಿಲಲ್ಲಿ ನಿಲ್ಲುವಂತಾದದ್ದು ನಮ್ಮ ವಿದ್ಯುತ್ ಚರಿತ್ರೆಯ ಅತಿ ದೊಡ್ಡ ಅನ್ಯಾಯಗಳಲ್ಲಿ ಒಂದು. ಕೈಗಾ ಅಣುಸ್ಥಾವರದ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿ ಶಿವರಾಮ ಕಾರಂತರಿದ್ದರು. ಹಾಸನ ಜಿಲ್ಲೆಯಲ್ಲೇ ಈ ಪ್ರಶ್ನೆ ಎದ್ದದ್ದು ಗುಂಡ್ಯ ಜಲವಿದ್ಯುತ್ ಯೋಜನೆಯಲ್ಲಿ. ಸಕಲೇಶಪುರ ತಾಲ್ಲೂಕಿನ ಕಾಡಂಚಿನ ಹೊಳೆಗಳನ್ನು ಅಡ್ಡಗಟ್ಟುವ ಈ ಯೋಜನೆಗೆ ಅನುಮತಿ ಕೊಡಬಾರದು ಎಂದು ಮಾಧವ ಗಾಡ್ಗೀಳರ ನೇತೃತ್ವದ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ನೀರು ನವೀಕರಣಗೊಳ್ಳುತ್ತದೆ, ಆದರೆ ಮುಳುಗಿದ ಮಳೆಕಾಡು ನವೀಕರಣಗೊಳ್ಳುವುದಿಲ್ಲ ಎಂಬುದು ಅದರ ಹಿಂದಿನ ತರ್ಕ.

ಸೌರ ಪಾರ್ಕುಗಳಿಗೂ ಈ ತರ್ಕ ಅನ್ವಯಿಸುತ್ತದೆ. ಪಾವಗಡದಲ್ಲಿ ಭೂಸ್ವಾಧೀನದ ಬದಲು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಯ ದಾರಿ ಹಿಡಿದದ್ದು ಶರಾವತಿಯ ಕಾಲಕ್ಕಿಂತ ದೊಡ್ಡ ಮುನ್ನಡೆ. ಜಮೀನಿನ ಒಡೆತನ ರೈತನಲ್ಲೇ ಉಳಿಯಿತು, ಬರಪೀಡಿತ ನೆಲಕ್ಕೆ ಖಚಿತ ಆದಾಯ ಬಂತು. ಆದರೆ ಜಮೀನಿಲ್ಲದ ಕೂಲಿಕಾರರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಮೇವೂ ಇಲ್ಲ. ಈ ಪಂಥಕ್ಕೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ, ಎಲ್ಲವನ್ನೂ ವಿರೋಧಿಸಿದರೆ ಕರೆಂಟು ಎಲ್ಲಿಂದ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಾವಗಡಕ್ಕೂ ಲಿಂಗನಮಕ್ಕಿಗೂ ಇರುವ ಅಂತರವೇ ಅದಕ್ಕೆ ಉತ್ತರ: ವಿರೋಧದ ಒತ್ತಡವಿದ್ದಾಗ ಯೋಜನೆಗಳು ನಿಲ್ಲುವುದಷ್ಟೇ ಅಲ್ಲ, ಸುಧಾರಿಸುತ್ತವೆ ಕೂಡ.

ಹೊತ್ತಿನ ಲೆಕ್ಕ

ನಾಲ್ಕು ಪಂಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಕೂಡುವ ಜಾಗವೊಂದಿದೆ, ಅದು ಹೊತ್ತು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಪಂಪ್‌ಸೆಟ್ಟುಗಳದು. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ವಿದ್ಯುತ್ ಉಚಿತ. 7.5 ಎಚ್.ಪಿ. ಮೋಟರೊಂದು ಏಳು ಗಂಟೆ ಓಡಿದರೆ ಸುಮಾರು 39 ಯೂನಿಟ್ ಖರ್ಚು. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಇಟ್ಟ 200 ಯೂನಿಟ್ ಮಿತಿಯನ್ನು ಈ ಮೋಟರು ಸುಮಾರು ಐದು ದಿನದಲ್ಲಿ ಮುಟ್ಟುತ್ತದೆ. ಆದರೆ ಈ ಬೇಡಿಕೆಗೆ ಒಂದು ಅಪರೂಪದ ಗುಣವಿದೆ: ಅದನ್ನು ಸರಿಸಬಹುದು. ದೀಪಕ್ಕೆ ಸಂಜೆಯೇ ಬೇಕು, ತೆಂಗಿನ ಬುಡಕ್ಕೆ ನೀರು ಬೆಳಗ್ಗೆ ಹತ್ತಕ್ಕೆ ಬಿಟ್ಟರೂ ಆದೀತು. ರೈತರು ಕೇಳುತ್ತ ಬಂದಿರುವುದೂ ಹಗಲಿನ ತ್ರೀ ಫೇಸನ್ನೇ. ಚಿರತೆ ಓಡಾಡುವ ಬೆಟ್ಟದ ತಪ್ಪಲಿನಲ್ಲಿ, ಆನೆ ಇಳಿಯುವ ಆಲೂರು, ಸಕಲೇಶಪುರದ ಕಡೆ, ಹಾವಿನ ಭಯದ ನಡುವೆ ನಡುರಾತ್ರಿ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತಲು ಹೋಗುವುದು ಜೀವದ ಪ್ರಶ್ನೆ. ಬರದ ವರ್ಷದಲ್ಲಿ ಪಂಪ್‌ಸೆಟ್ ಬೇಡಿಕೆ ಏರುವುದು ಮಳೆಯಿಲ್ಲದ್ದರಿಂದ. ಮಳೆಯಿಲ್ಲದ ದಿನವೇ ಬಿಸಿಲು ಚೆನ್ನಾಗಿರುವುದು. ನೀರಾವರಿ ಫೀಡರುಗಳನ್ನು ಸೌರ ವಿದ್ಯುತ್ತಿಗೆ ಜೋಡಿಸುವ ಕುಸುಮ್ ಯೋಜನೆಯ ಭಾಗ ಈ ಹೊಂದಾಣಿಕೆಯನ್ನು ಬಳಸಿಕೊಳ್ಳುತ್ತದೆ. ಅದರ ಸ್ಥಾವರ ಸಬ್‌ಸ್ಟೇಷನ್ ಹತ್ತಿರವೇ ಇರುವುದರಿಂದ ದೂರದ ತಂತಿಯ ನಷ್ಟವೂ ಕಡಿಮೆ.

ಹಾಗಾದರೆ ಸಂಜೆಗೆ ಏನು ಮಾಡುವುದು? ಹಗಲು ಬಿಸಿಲಿನಿಂದ ನಡೆದರೆ ಲಿಂಗನಮಕ್ಕಿ, ಸೂಪಾ ಜಲಾಶಯಗಳ ನೀರನ್ನು ಹಗಲಲ್ಲಿ ಖರ್ಚು ಮಾಡುವ ಅಗತ್ಯ ಕಡಿಮೆಯಾಗುತ್ತದೆ, ಅದು ಸಂಜೆಗೆ ಉಳಿಯುತ್ತದೆ. ನೀರನ್ನು ಮತ್ತೆ ಮೇಲಕ್ಕೆ ಎತ್ತದೆಯೇ ಹಳೆಯ ಜಲಾಶಯ ಒಂದು ಬಗೆಯ ಬ್ಯಾಟರಿಯಾಗುತ್ತದೆ. ಬರದಲ್ಲಿ ಜಲಾಶಯವೂ ಖಾಲಿಯಲ್ಲವೇ ಎಂಬ ಮರುಪ್ರಶ್ನೆ ಸಹಜ. ಅಂಥ ವರ್ಷಕ್ಕೆಂದೇ ಕಲ್ಲಿದ್ದಲು ಘಟಕಗಳನ್ನು ಸುಸ್ಥಿತಿಯಲ್ಲಿ ಮೀಸಲು ಇಟ್ಟುಕೊಳ್ಳಬೇಕು, ಬೇರೆ ಋತುವಿನಲ್ಲಿ ಹೆಚ್ಚುವರಿ ಇರುವ ರಾಜ್ಯಗಳೊಡನೆ ವಿನಿಮಯವನ್ನು ಬಿಕ್ಕಟ್ಟು ಬರುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಿನಾ ಉರಿಯುವ ಒಲೆಯ ಜಾಗದಿಂದ ಆಪತ್ಕಾಲದ ಮೀಸಲಿನ ಜಾಗಕ್ಕೆ ಕಲ್ಲಿದ್ದಲನ್ನು ಸರಿಸುವುದು ಮೊದಲ ಪಂಥದ ಸೋಲಲ್ಲ. ಅದರ ಮಾತಿನಲ್ಲಿ ನಿಜವಾದ ಭಾಗವನ್ನು ಉಳಿಸಿಕೊಳ್ಳುವುದು. ಬಳಕೆಯನ್ನು ಮಿತಗೊಳಿಸುವುದೆಂದರೆ ಬಡವರ ದೀಪ ಆರಿಸುವುದು ಎಂಬ ಆರೋಪವೂ ನಿಲ್ಲದು. ಅಮೂಲ್ಯ ರೆಡ್ಡಿಯವರ ಲೆಕ್ಕ ಶುರುವಾದದ್ದೇ ಕತ್ತಲಲ್ಲಿದ್ದ ಮನೆಗಳಿಂದ. ಅದೇ ನೀರು, ಅದೇ ಬೆಳಕನ್ನು ಕಡಿಮೆ ಯೂನಿಟ್‌ನಲ್ಲಿ ಕೊಟ್ಟರೆ ಉಳಿಯುವುದು ಸರ್ಕಾರದ ಸಬ್ಸಿಡಿ ಹಣ, ರೈತನ ಪಾಲಲ್ಲ.

ಇನ್ನೂ ಇತ್ಯರ್ಥವಾಗದ್ದು

ಈ ವಾದ ಎಲ್ಲವನ್ನೂ ಬಗೆಹರಿಸುವುದಿಲ್ಲ. ಮೊದಲನೆಯ ತಕರಾರು ಕೂಡಿಡುವ ದಾರಿಯದು. ತಳಕಳಲೆ, ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2,000 ಮೆಗಾವ್ಯಾಟ್‌ಗಳ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೇ ಬೇಕು ಎಂಬುದು ಒಂದು ಪಕ್ಷ. ಸಿಂಗಳೀಕಗಳ ಕಾಡಿನಲ್ಲಿ ಸುರಂಗ ಕೊರೆಯುವ ಬದಲು ಅಗ್ಗವಾಗುತ್ತಿರುವ ಬ್ಯಾಟರಿಗಳನ್ನು ಸಬ್‌ಸ್ಟೇಷನ್ನುಗಳಲ್ಲೇ ಇಡಿ ಎಂಬುದು ಇನ್ನೊಂದು. ಈಗಿರುವ ಜಲಾಶಯಗಳನ್ನು ಸಂಜೆಗೆಂದೇ ನಡೆಸಿದರೆ ಹೊಸ ಸಂಗ್ರಹ ಎಷ್ಟು ಕಡಿಮೆ ಸಾಕು ಎಂಬ ಲೆಕ್ಕ ಸಾರ್ವಜನಿಕರ ಮುಂದೆ ಬರದೆ ಈ ಜಗಳ ತೀರುವಂತಿಲ್ಲ. ಎರಡನೆಯದು ಅಂತರ್ಜಲ. ಹಗಲಿನ ಕರೆಂಟು ಧಾರಾಳವಾದರೆ ರೈತ ಇನ್ನಷ್ಟು ನೀರೆತ್ತಿದರೆ? ಹೇಮಾವತಿ ನಾಲೆಯ ನೀರಿನಿಂದ ಕೆರೆ ತುಂಬಿಸುವ, ಎತ್ತಿನಹೊಳೆಯ ನೀರನ್ನು ಪಂಪ್ ಮಾಡಿ ಪೂರ್ವಕ್ಕೆ ಹರಿಸುವ ಯೋಜನೆಗಳೂ ವಿದ್ಯುತ್ ಬೇಡುವವೇ. ನೀರಿನ ನೀತಿ, ವಿದ್ಯುತ್ ನೀತಿಗಳನ್ನು ಬೇರೆಬೇರೆ ಇಲಾಖೆಗಳು ಬೇರೆಬೇರೆಯಾಗಿ ಬರೆಯುತ್ತಿರುವವರೆಗೆ ಇದಕ್ಕೆ ಉತ್ತರ ಸಿಗದು. ಪಂಪ್‌ಸೆಟ್ ಬಳಕೆ ಬಹುಮಟ್ಟಿಗೆ ಮೀಟರಿಲ್ಲದ ಅಂದಾಜು. ರೈತನಿಗೆ ಮೀಟರಿನ ಬಗ್ಗೆ ಇರುವ ಅಪನಂಬಿಕೆಗೂ ಕಾರಣಗಳಿವೆ. ಫೀಡರ್ ಮಟ್ಟದ ಅಳತೆ ನಡುದಾರಿಯಾಗಬಲ್ಲದೇ ಎಂಬುದು ಪ್ರಯೋಗದಿಂದಲೇ ತಿಳಿಯಬೇಕು.

ಮೂರನೆಯದು ಅಣುಶಕ್ತಿ: ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ಗಳ ಇನ್ನೆರಡು ಘಟಕಗಳ ಸಿದ್ಧತೆ ನಡೆದಿರುವಾಗ, ಸ್ಥಿರ ವಿದ್ಯುತ್ತಿನ ಲಾಭವನ್ನೂ ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾನದಂಡ ನಮ್ಮಲ್ಲಿ ಇನ್ನೂ ರೂಪುಗೊಂಡಿಲ್ಲ. ನಾಲ್ಕನೆಯದು ತೈಲ, ಅನಿಲ. ವಿದ್ಯುತ್ತಿನ ಮಟ್ಟಿಗೆ ರಾಜ್ಯ ಎಷ್ಟೇ ಮುಂದೆ ಹೋದರೂ ಲಾರಿ, ಟ್ರ್ಯಾಕ್ಟರು, ಸಿಲಿಂಡರುಗಳು ಹಡಗನ್ನು ಕಾಯುತ್ತಲೇ ಇರುತ್ತವೆ. ಎಥನಾಲ್ ಆ ಕೊರತೆಯನ್ನು ಎಷ್ಟು ನೀಗಿಸುತ್ತದೆ, ಅದಕ್ಕಾಗಿ ಎಷ್ಟು ನೀರು, ಎಷ್ಟು ಅನ್ನ ತೆರಬೇಕು ಎಂಬುದು ತೀರ್ಮಾನವಾಗಿಲ್ಲ. ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ಪಾಲಿನ ಪ್ರಶ್ನೆ. ಆಯುಷ್ಯ ಮುಗಿದ ಸೌರ ಫಲಕಗಳ ಕಸ ಯಾವ ಊರಿಗೆ, ಹಳೆಯ ಶಾಖೋತ್ಪನ್ನ ಘಟಕ ಮುಚ್ಚಿದಾಗ ಅಲ್ಲಿನ ಕಾರ್ಮಿಕರಿಗೆ ಯಾವ ಕೆಲಸ, ಗುತ್ತಿಗೆ ಮುಗಿದ ಮೇಲೆ ಪಾವಗಡದ ನೆಲ ಮತ್ತೆ ಹೊಲವಾಗುತ್ತದೆಯೇ ಎಂಬುದನ್ನು ಯೋಜನೆಯ ಮೊದಲ ಪುಟದಲ್ಲೇ ಬರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಶರಾವತಿಯ ಸಂತ್ರಸ್ತರ ಹಕ್ಕುಪತ್ರ ಬಾಕಿಯಿರುವ ರಾಜ್ಯದಲ್ಲಿ ಮುಂದಿನ ಯಾವ ಇಂಧನ ಯೋಜನೆಯೂ ಆ ಪುಟವಿಲ್ಲದೆ ಶುರುವಾಗಬಾರದು.